ಸೋಮವಾರದ ಶಿವರಾಜ

ಒಬ್ಬರ ಕಂಪ್ಯೂಟರು ಆಡುವ ಮಾತು ಇನ್ನೊಬ್ಬರ ಕಂಪ್ಯೂಟರಿಗೆ ಅರ್ಥವಾಗುವುದಿಲ್ಲ. ನಡುವೆ ಒಂದು ತಂತ್ರಾಂಶ ಕೂತು, ಆಚೆಯಿಂದ ಬಂದ ಸಂದೇಶವನ್ನು ಈಚೆಯವರಿಗೆ ಬೇಕಾದ ರೂಪಕ್ಕೆ ಬದಲಿಸಿ ದಾಟಿಸಬೇಕು. ಅಂಥ ತಂತ್ರಾಂಶಕ್ಕೆ ಹೇಗೆ ಬದಲಿಸಬೇಕೆಂದು ಹೇಳಿಕೊಡುವುದು ನನ್ನ ಕೆಲಸ. ಅಂಕೋಲೆಯ ಹತ್ತಿರದ ಹಟ್ಟಿಕೇರಿಯ ತವರುಮನೆಯಲ್ಲಿ ನಾನಿದನ್ನು ಬಹಳ ಹೆಮ್ಮೆಯಿಂದ ವಿವರಿಸಿದಾಗ ಗದ್ದೆಯಿಂದ ಬಂದು ಕಾಲು ತೊಳೆಯುತ್ತಿದ್ದ ಅಪ್ಪ ತಲೆ ಎತ್ತಿ ಅಂದರು.

"ಹಂಗಾದ್ರೆ ಚಾಡಿ ಹೇಳೂ ಕೆಲ್ಸ ಅನ್ನು."

"ಚಾಡಿ ಅಲ್ಲಪ್ಪಾ. ಅವ್ರು ಹೇಳ್ದದ್ದನ್ನೇ ಇವ್ರಿಗೆ ಹೇಳೂದು."

"ಹೇಳ್ದದ್ದನ್ನೇ ಹೇಳೋರು ಎಲ್ಲಿರ್ತ್ರೇ ತಂಗಿ?" ಅಂದು ಅಪ್ಪ ಇನ್ನೊಂದು ಕಾಲಿಗೆ ನೀರು ಹೊಯ್ದುಕೊಂಡರು.

ಕಾರವಾರಕ್ಕೆ ಸೊಸೆಯಾಗಿ ಬಂದ ಮೇಲೆ ನನಗೆ ಅಂಥವರೊಬ್ಬರ ಅಗತ್ಯ ತುಂಬ ಬಿತ್ತು. ಗಂಡನ ಮನೆಯ ಮಾತು ಕೊಂಕಣಿ. ಅಂಕೋಲೆಯ ಪೇಟೆಯಲ್ಲಿ ಕೊಂಕಣಿ ಕೇಳುತ್ತಲೇ ಬೆಳೆದವಳು ನಾನು, ಮೀನು ಕೊಳ್ಳುವಷ್ಟು ಬರುತ್ತಿತ್ತು. ಆದರೆ ಮೀನು ಕೊಳ್ಳುವ ಕೊಂಕಣಿಯಲ್ಲಿ ಅತ್ತೆಯ ಜೊತೆ ಸಂಸಾರ ಮಾಡಲಾಗುವುದಿಲ್ಲ. ಅತ್ತೆಗೆ ಕನ್ನಡ ಬರುತ್ತಿತ್ತು, ಆದರೆ ಅದು ಕಚೇರಿಗೆ ಹೋದಾಗ ಆಡುವ ಕನ್ನಡ. "ಕುಳಿತುಕೊಳ್ಳಿ. ಚಹಾ ಆಯಿತಾ ನಿಮ್ಮದು?" ಎಂದು ಬ್ಯಾಂಕಿನ ಮ್ಯಾನೇಜರನ್ನು ಮಾತಾಡಿಸಿದ ಹಾಗೆ ನನ್ನನ್ನು ಮಾತಾಡಿಸುತ್ತಿದ್ದರು. ತಮ್ಮ ಮಕ್ಕಳನ್ನೆಲ್ಲ ಬಾಯಿತುಂಬ ಬೈಯುತ್ತಿದ್ದ ಹೆಂಗಸು ನನಗೆ ಒಂದು ಕೆಟ್ಟ ಮಾತನ್ನೂ ಆಡುತ್ತಿರಲಿಲ್ಲ. ನನಗೆ ಅದು ಬಹಳ ನೋಯುತ್ತಿತ್ತು. ಬೈಸಿಕೊಳ್ಳುವಷ್ಟು ಹತ್ತಿರದವಳೂ ನಾನಲ್ಲವೇ ಎಂದು.

ಮುಖ್ಯವಾದ ಮಾತೆಲ್ಲ ಗಂಡನ ಮೂಲಕ ಹೋಗುತ್ತಿತ್ತು, ಬರುತ್ತಿತ್ತು. ಈ ಮನುಷ್ಯನ ವಿಶೇಷವೆಂದರೆ ಎಷ್ಟು ದೊಡ್ಡ ಮಾತನ್ನಾದರೂ ಸಣ್ಣದು ಮಾಡಿಬಿಡುವುದು. ಅತ್ತೆ ಕೈ ಆಡಿಸಿ, ಹುಬ್ಬು ಹಾರಿಸಿ, ಸೆರಗು ಬಿಗಿದು, ಒಂದು ಲೋಟ ಚಹಾ ಆರಿಹೋಗುವಷ್ಟು ಹೊತ್ತು ಮಾತಾಡುತ್ತಿದ್ದರು. ಕೊನೆಗೆ ಈತ ನನ್ನ ಕಡೆ ತಿರುಗಿ, "ಆಯ್ತು ಅಂದ್ಲು" ಅನ್ನುತ್ತಿದ್ದರು. ಅಷ್ಟೇ.

ಅತ್ತೆ ಒಂದು ಅಡುಗೆಮನೆ ನಡೆಸುತ್ತಿದ್ದರು. ಮನೆಯ ಹಿಂದೆ ತಗಡಿನ ಮಾಡು, ಅದರ ಕೆಳಗೆ ಎರಡು ದೊಡ್ಡ ಒಲೆ. ಅಲ್ಲಿಂದ ಬಿಣಗಾದ ಕಾಲನಿಗೆ, ಪೇಟೆಯ ಒಂದೆರಡು ಕಚೇರಿಗಳಿಗೆ, ಸುತ್ತಿನ ಹಲವು ಮನೆಗಳಿಗೆ ಮಧ್ಯಾಹ್ನದ ಊಟದ ಡಬ್ಬಿ ಹೋಗುತ್ತಿತ್ತು. ಒಂದು ಒಲೆ ಮೀನಿನದು. ಇನ್ನೊಂದಕ್ಕೆ ಮೀನಿನ ಗಾಳಿಯೂ ತಾಗುವಂತಿಲ್ಲ. ಅದರ ಪಾತ್ರೆ ಬೇರೆ, ಸೌಟು ಬೇರೆ, ಪಾತ್ರೆ ತಿಕ್ಕುವ ನಾರೂ ಬೇರೆ. ಸೋಮವಾರ ಹಿಡಿದವರು, ಹರಕೆ ಹೊತ್ತವರು, ಹೊರಗಡೆ ಒಂದು ಲೋಟ ನೀರನ್ನೂ ಅನುಮಾನದಿಂದ ನೋಡುವ ಅಜ್ಜಿಯರು ಕೂಡ ಅತ್ತೆಯ ಆ ಎರಡನೇ ಒಲೆಯದನ್ನು ಕಣ್ಣು ಮುಚ್ಚಿ ಉಣ್ಣುತ್ತಿದ್ದರು. ಅತ್ತೆಯ ಬಂಡವಾಳ ಎಂದರೆ ಆ ನಂಬಿಕೆ. ಅದು ಹೋದರೆ ಒಲೆ ಆರಿದಂತೆಯೇ.

ಊಟ ಬೇಕೆಂದು ಬೆಳಿಗ್ಗೆ ಸಂದೇಶಗಳು ಬರುತ್ತಿದ್ದವು. ಕಾಲನಿಯಿಂದ ಒಂದು ರೂಪದಲ್ಲಿ, ಕಚೇರಿಗಳಿಂದ ಇನ್ನೊಂದು ರೂಪದಲ್ಲಿ, ಮನೆಗಳಿಂದ ಅವರವರ ಮನಸ್ಸಿಗೆ ಬಂದ ರೂಪದಲ್ಲಿ. ಅತ್ತೆ ಮಸಾಲೆಯ ಕೈಯಲ್ಲೇ ಫೋನು ಹಿಡಿದು ಓದುತ್ತಿದ್ದರು. ಒಂದು ದಿನ ಫೋನು ಮುರುಗಲ ಹುಳಿಯ ಸೋಲಕಡಿಯ ಪಾತ್ರೆಗೆ ಬಿತ್ತು. ಅದನ್ನು ಎತ್ತಿ ಒರೆಸಿ ಮತ್ತೆ ಓದತೊಡಗಿದ ಅವರನ್ನು ನೋಡಿ ನನಗೆ ಸುಮ್ಮನಿರಲಾಗಲಿಲ್ಲ. ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳ ಸಂದೇಶವನ್ನು ಬದಲಿಸಿ ಕೊಡುವವಳು ಮನೆಯಲ್ಲೇ ಇದ್ದೇನೆ, ಅತ್ತೆ ಹೀಗೆ ಒದ್ದಾಡುವುದೇ? ಸಂದೇಶಗಳೆಲ್ಲ ತಾವಾಗಿ ಒಂದೇ ರೂಪಕ್ಕೆ ಬಂದು, ಬಸ್ಸಿನ ಕಂಡಕ್ಟರನ ಕೈಯಲ್ಲಿರುವಂಥ ಚೀಟಿಯಂತ್ರದಿಂದ ಒಂದೊಂದಾಗಿ ಹೊರಬಂದರೆ? ಯಾರಿಗೆ, ಏನು, ಎಷ್ಟು. ಡಬ್ಬಿ ತುಂಬಿ ಚೀಟಿ ಅಂಟಿಸಿದರೆ ಮುಗಿಯಿತು. ಈ ಒಂದು ಕೆಲಸ ಸರಿಯಾಗಿ ಮಾಡಿಕೊಟ್ಟರೆ ನಾನು ಆ ಅಡುಗೆಮನೆಯವಳಾಗುತ್ತೇನೆ, ಚಹಾ ಆಯಿತಾ ಎಂದು ಕೇಳಿಸಿಕೊಳ್ಳುವ ಅತಿಥಿ ಆಗಿರುವುದಿಲ್ಲ ಎಂಬ ಆಸೆ ಹುಟ್ಟಿತು.

ಗಂಡನನ್ನು ಕಳಿಸಿದೆ. ಅತ್ತೆ ಬಹಳ ಹೊತ್ತು ಮಾತಾಡಿದರು. ಒಲೆಗಳನ್ನು ತೋರಿಸಿದರು, ಒಮ್ಮೆ ದೇವರ ಕೋಣೆಯ ಕಡೆಗೂ ಕೈ ಮಾಡಿದರು.

"ಏನಂದ್ರು?"

"ಮಾಡ್ಲಿ ಅಂದ್ಲು."

ಇನ್ನು ಈ ಕೆಲಸದ ಒಳಗಿನ ಒಂದು ಜಗಳ ಹೇಳಬೇಕು. ಸಂದೇಶ ಬದಲಿಸಲು ನಮ್ಮ ತಂತ್ರಾಂಶದಲ್ಲಿ ಮೂರು ದಾರಿಗಳಿವೆ. ಮೊದಲನೆಯದು ಗೆರೆ ಎಳೆಯುವುದು. ಪರದೆಯ ಎಡಕ್ಕೆ ಬಂದದ್ದು, ಬಲಕ್ಕೆ ಹೋಗಬೇಕಾದದ್ದು. ಮೌಸು ಹಿಡಿದು ಅದರಿಂದ ಇದಕ್ಕೆ ಗೆರೆ ಎಳೆದರಾಯಿತು. ಪ್ರಾಥಮಿಕ ಶಾಲೆಯ ಪರೀಕ್ಷೆಯಲ್ಲಿ ಹೊಂದಿಸಿ ಬರೆಯಿರಿ ಎಂದು ಕೊಡುತ್ತಿದ್ದರಲ್ಲ, ಅದೇ. ಎರಡನೆಯದು ಅಚ್ಚು. ಅದಕ್ಕೆ ಎಕ್ಸ್‌ಎಸ್‌ಎಲ್‌ಟಿ ಎಂಬ ಹಲ್ಲು ಸಡಿಲವಾಗುವ ಹೆಸರಿದೆ. ಚಕ್ಕುಲಿ ಒರಳಿನ ಹಾಗೆ, ಹಿಟ್ಟು ಹದವಾಗಿದ್ದರೆ ಎಷ್ಟು ಒತ್ತಿದರೂ ಒಂದೇ ಸಮ ಬೀಳುತ್ತದೆ, ಹದ ತಪ್ಪಿದರೆ ಒರಳು ತಿರುಗುವುದೇ ಇಲ್ಲ. ಮೂರನೆಯದು ಸ್ಕ್ರಿಪ್ಟು. ಹೀಗಿದ್ದರೆ ಹೀಗೆ ಮಾಡು, ಹಾಗಿದ್ದರೆ ಹಾಗೆ ಮಾಡು ಎಂದು ನಾವೇ ಸಾಲುಸಾಲಾಗಿ ಬರೆಯುವುದು. ಅದರಲ್ಲಿ ಆಗದೇ ಇರುವುದು ಯಾವುದೂ ಇಲ್ಲ. ಒಂದೇ ತೊಂದರೆ, ಬರೆದವರ ಹೊರತು ಇನ್ನೊಬ್ಬರಿಗೆ ತಲೆಬುಡ ತಿಳಿಯುವುದಿಲ್ಲ. ಸ್ವಲ್ಪ ಹಳತಾದರೆ ಬರೆದವರಿಗೂ ತಿಳಿಯುವುದಿಲ್ಲ.

ನಮ್ಮ ಕಂಪನಿಯ ತಂಡದಲ್ಲಿ ಈ ಮೂರು ದಾರಿಗಳು ಮೂರು ಪಂಗಡಗಳೇ ಆಗಿದ್ದವು. ಬೇರೆ ಬೇರೆ ಊರಲ್ಲಿ ಕೂತು ಪರದೆಯ ಮೇಲೆ ಸಭೆ ಸೇರಿದಾಗಲೆಲ್ಲ ಒಬ್ಬರನ್ನೊಬ್ಬರು ನೋಡುವ ನೋಟದಲ್ಲೇ ಗೊತ್ತಾಗುತ್ತಿತ್ತು, ಇವರು ಅವರ ಮನೆಯಲ್ಲಿ ನೀರು ಕುಡಿಯುವವರಲ್ಲ ಎಂದು. ತಂಡದ ಹಿರಿಯರು ಮಾತ್ರ ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದರು. "ಗೆರೆಯಲ್ಲಿ ಆಗುವುದಕ್ಕೆ ಸ್ಕ್ರಿಪ್ಟ್ ಬರೆಯಬೇಡಿ. ಗೆರೆ ತಪ್ಪಿದರೆ ದಾರಿಯಲ್ಲಿ ಹೋಗುವವನಿಗೂ ಕಾಣುತ್ತದೆ." ನಾನು ಸ್ಕ್ರಿಪ್ಟಿನ ಪಂಗಡದವಳು. ಗೆರೆ ಎಳೆಯುವುದು ಕೈಲಾಗದವರ ಕೆಲಸವೆಂದೇ ನನ್ನ ಅಭಿಪ್ರಾಯವಾಗಿತ್ತು. ಹಿರಿಯರ ಮಾತಿಗೆ ತಲೆ ಆಡಿಸುತ್ತ ಈಚೆ ಇನ್ನೊಂದು ಸ್ಕ್ರಿಪ್ಟು ಬರೆಯುತ್ತಿರುತ್ತಿದ್ದೆ.

ಅತ್ತೆಯ ಅಡುಗೆಮನೆಗಂತೂ ಸ್ಕ್ರಿಪ್ಟೇ ಸರಿ ಎಂದು ಮೊದಲ ನೋಟಕ್ಕೇ ತೀರ್ಮಾನಿಸಿದೆ. ಗಿರಾಕಿಗಳು ಬರೆಯುವ ರೀತಿ ಹಾಗಿತ್ತು. ಎಲ್ಲರೂ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವರು, ಆದರೆ ಇಂಗ್ಲಿಷ್ ಬರೆಯುವವರು ಒಬ್ಬರೂ ಇಲ್ಲ. ಊಟ ಎಂದು ಒಬ್ಬರು, ಜೇವಣ ಎಂದು ಒಬ್ಬರು, ಮೀಲ್ಸ್ ಎಂದು ಇನ್ನೊಬ್ಬರು. ಕೆಲವರು ಹೆಸರು ಹಾಕಿ ಅಂಕಿ ಬರೆಯುವರು, ಕೆಲವರು ಅಂಕಿ ಹಾಕಿ ಮನೆಯ ಗುರುತು ಹೇಳುವರು. 'ಸ' ಎಂದಷ್ಟೇ ಬರೆದು ಕಳಿಸುವ ಒಂದು ಮನೆಯಿತ್ತು. ನಾನು ಅದನ್ನು ಸಾರ್ ಎಂದು ಬರೆಯಹೋಗಿ ಬಿಟ್ಟದ್ದಿರಬೇಕೆಂದುಕೊಂಡಿದ್ದೆ. ಕೊಂಕಣಿಯಲ್ಲಿ ಸ ಅಂದರೆ ಆರು. ಸಾತ್ ಅಂದರೆ ಏಳು. ಆದರೆ ಶನಿವಾರಕ್ಕೂ ಇಂಗ್ಲಿಷಿನ ಎಸ್ ಎ ಟಿ ಎಂಬ ಅವೇ ಮೂರು ಅಕ್ಷರ ಬರೆಯುವವರಿದ್ದರು. ಹೀಗಾಗಿ ಶನಿವಾರ ಬೇಕು ಎಂದವರಿಗೆ ಏಳು ಊಟ ಬರೆದುಕೊಳ್ಳುತ್ತಿತ್ತು ನನ್ನ ಸ್ಕ್ರಿಪ್ಟು. ಇದನ್ನೆಲ್ಲ ಒಂದೊಂದಾಗಿ ಬಿಡಿಸಿ, ನಿಯಮದ ಮೇಲೆ ನಿಯಮ ಬರೆದು, ಒಂದು ದಿನ ಎಲ್ಲವೂ ಸರಿಹೋದಾಗ ನನಗೆ ನನ್ನ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಕೆ.

ಆಗಲೇ ಶಿವರಾಜ ಸಿಕ್ಕಿದ್ದು. ಈ ಬರಹದಲ್ಲಿ ಹೆಸರಿರುವುದು ಅವನೊಬ್ಬನಿಗೇ, ಹುಟ್ಟದೇ ಇರುವವನೂ ಅವನೊಬ್ಬನೇ.

ಸಂದೇಶಗಳಲ್ಲಿ ಅಲ್ಲಲ್ಲಿ 'ಶಿವರಾಕ್ 3', 'ಶಿವರಾಕ್ 5' ಎಂದು ಬರುತ್ತಿತ್ತು. ಹೆಸರು, ಮುಂದೆ ಅಂಕಿ. ಕೀಬೋರ್ಡಿನಲ್ಲಿ ಜೆ ಅಕ್ಷರದ ಪಕ್ಕದಲ್ಲೇ ಕೆ ಇದೆ. ಯಾರೋ ಶಿವರಾಜ ಎಂದು ಬರೆಯಹೋಗಿ ಬೆರಳು ಜಾರಿದೆ, ಫೋನು ಅದನ್ನೇ ನೆನಪಿಟ್ಟುಕೊಂಡು ಪ್ರತಿ ಸಲ ಹಾಗೇ ಬರೆದುಕೊಡುತ್ತಿದೆ! ಇದನ್ನು ಹಿಡಿದ ನನ್ನ ಬುದ್ಧಿಯನ್ನು ನಾನೇ ಮೆಚ್ಚಿ ಒಂದು ನಿಯಮ ಬರೆದೆ. ಶಿವರಾಕ್ ಎಂದು ಬಂದರೆ ಶಿವರಾಜ ಎಂದು ತಿದ್ದು. ಊಟ ಯಾವುದೆಂದು ಹೇಳದವರಿಗೆ ಮೀನಿನ ಊಟ ಎಂಬುದು ಮೊದಲೇ ಇದ್ದ ನಿಯಮ. ಕಾರವಾರದಲ್ಲಿ ಇನ್ನೇನು ಬರೆಯುವುದು?

ಆ ಪದ ನನ್ನ ಕಿವಿಗೆ ಬಿದ್ದೇ ಇರಲಿಲ್ಲವೆಂದರೆ ಸುಳ್ಳಾದೀತು. ಮನೆಯಲ್ಲಿ ಸೋಮವಾರಗಳಂದು ಅತ್ತೆಯ ಬಾಯಲ್ಲಿ 'ಶಿವ್ರಾಕ್' ಎಂದು ಓಡಿಹೋಗುವ ಒಂದು ಶಬ್ದ ಕೇಳುತ್ತಿತ್ತು. ಸೋಮವಾರ ಶಿವನ ವಾರ, ಇವರ ಕೊಂಕಣಿಯಲ್ಲಿ ಸೋಮವಾರಕ್ಕೇ ಹಾಗನ್ನುತ್ತಾರೆ ಎಂದು ನಾನೇ ಅರ್ಥ ಮಾಡಿಕೊಂಡು ತೃಪ್ತಳಾಗಿದ್ದೆ. ಶಿವರಾಕ್ ಅಂದರೆ ಮೀನು ಮಾಂಸ ಇಲ್ಲದ ಊಟ ಎಂದು ನನಗೆ ಯಾರೂ ಹೇಳಿರಲಿಲ್ಲ. ಇಷ್ಟು ಸಣ್ಣ ವಿಷಯ ಹೇಳಬೇಕಾದದ್ದು ಎಂದು ಯಾರಿಗೂ ಅನ್ನಿಸಿರಲಿಲ್ಲ.

ಆದರೂ ಶಿವರಾಜನ ವಿಷಯ ನನ್ನನ್ನು ಸ್ವಲ್ಪ ಕಾಡಿತು. ಬಿಣಗಾದಲ್ಲೂ ಇದ್ದಾನೆ, ಪೇಟೆಯಲ್ಲೂ ಇದ್ದಾನೆ, ಕಾಳಿ ನದಿ ದಾಟಿ ಹಣಕೋಣದಲ್ಲೂ ಇದ್ದಾನೆ. ಬೇರೆ ದಿನ ಮೂರು ನಾಲ್ಕು ಊಟಕ್ಕೆ ಸುಮ್ಮನಾಗುವವನು ಸೋಮವಾರ ಬಂದರೆ ರಾಕ್ಷಸನ ಹಾಗೆ ಉಣ್ಣುತ್ತಾನೆ. ಗಂಡನಿಗೆ ಹೇಳಿದೆ.

"ಆಯಿಗೆ ಕೇಳಿ, ಈ ಶಿವರಾಜ ಯಾರು, ಸೋಮವಾರ ಯಾಕೆ ಇಷ್ಟು ಊಟ ತರಿಸ್ತಾರೆ ಅಂತ."

ಈತ ಫೋನು ನೋಡುತ್ತಲೇ ಒಳಗೆ ಹೋದರು. ಅಲ್ಲಿ ಏನು ಕೇಳಿದರೋ ದೇವರಿಗೇ ಗೊತ್ತು. ಸೋಮವಾರ ಶಿವರಾಕ್ ಯಾಕೆ ಜಾಸ್ತಿ ಎಂದು ಕೇಳಿರಬೇಕು. ಒಳಗಿನಿಂದ ಅತ್ತೆಯ ಮಾತು ಮಳೆಯ ಹಾಗೆ ಸುರಿಯಿತು. ಸೋಮವಾರದ ಮಹಿಮೆ, ಯಾರ್ಯಾರ ಮನೆಯಲ್ಲಿ ಯಾವ್ಯಾವ ಹರಕೆ, ಯಾವ ಅಜ್ಜಿಯ ಮಂಡಿನೋವು ಯಾವ ದೇವರಿಂದ ಹೋಯಿತು, ಎಲ್ಲವೂ ಬಂದಿರಬೇಕು. ಈತ ಹೊರಗೆ ಬಂದು ನನಗೆ ಹೇಳಿದ್ದು ಇಷ್ಟು.

"ಸೋಮವಾರ ಜಾಸ್ತಿನೇ ಆಗ್ತದಂತೆ. ಹಳೇ ಗಿರಾಕಿ."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಗಾದೆ ಇದೆಯಲ್ಲ, ನಾನು ಕಟ್ಟಿದೆ.

ಕೆಲವು ದಿನ ಎರಡೂ ಕಡೆ ಓಡಿಸಿ ನೋಡಿದೆವು. ಅತ್ತೆ ತಮ್ಮ ರೂಢಿಯಂತೆ ಫೋನು ಓದಿ ಡಬ್ಬಿ ತುಂಬುವುದು, ನನ್ನ ಯಂತ್ರ ಬರೀ ಚೀಟಿ ಉದುರಿಸುವುದು. ಸಂಜೆ ಒಟ್ಟು ಎಷ್ಟು ಎಂದು ತಾಳೆ ನೋಡಿದರೆ ಇಬ್ಬರದೂ ಒಂದೇ. ಒಟ್ಟು ಸರಿಯಾಗದೆ ಏನು? ಶಿವರಾಜನೂ ಲೆಕ್ಕದಲ್ಲಿದ್ದನಲ್ಲ. ಯಾವ ಒಲೆಯದು ಎಷ್ಟು ಎಂದು ನೋಡುವುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಕಾರ್ತಿಕದ ಒಂದು ಸೋಮವಾರ ಹಣಕೋಣದಲ್ಲಿ ಅತ್ತೆಯ ತಮ್ಮನ ಮನೆಯಲ್ಲಿ ಪೂಜೆ. ಅನ್ನ ಪಾಯಸ ಅವರ ಮನೆಯಲ್ಲೇ, ಬಾಕಿ ಪದಾರ್ಥಗಳೆಲ್ಲ ಅಕ್ಕನ ಅಡುಗೆಮನೆಯಿಂದ ಎಂದು ಮಾತಾಗಿತ್ತು. ಅತ್ತೆ ಬೆಳಕು ಹರಿಯುವ ಮೊದಲೇ ಎದ್ದು ಎರಡನೇ ಒಲೆಯ ಮೇಲೆ ದೊಡ್ಡ ಪಾತ್ರೆ ತುಂಬ ಖತ್ಖತೆ ಮಾಡಿಟ್ಟರು. ಊರಿನ ತರಕಾರಿಯನ್ನೆಲ್ಲ ಹಾಕಿ, ಕಾಯಿ ಅರೆದು ಮಾಡುವ ಆ ಪದಾರ್ಥ ಅವರ ಕೈಯಲ್ಲೇ ಆಗಬೇಕು. ಆಮೇಲೆ ಹಸಿರು ಸೀರೆ ಉಟ್ಟು ಬಾಗಿಲಲ್ಲಿ ನಿಂತು, "ನೀವು ನೋಡಿಕೊಳ್ಳುತ್ತೀರಲ್ಲ?" ಎಂದು ಕನ್ನಡದಲ್ಲಿ ಕೇಳಿದರು. ಮದುವೆಯಾಗಿ ಬಂದವಳಿಗೆ ಮೊದಲ ಸಲ ಆ ಅಡುಗೆಮನೆ ಒಪ್ಪಿಸಿ ಹೋಗುತ್ತಿದ್ದಾರೆ! ತಲೆ ಆಡಿಸಿದೆ.

ಚೀಟಿಗಳು ಬರತೊಡಗಿದವು. ಶಿವರಾಜ, ಮೀನಿನ ಊಟ. ಶಿವರಾಜ, ಮೀನಿನ ಊಟ. ಹಣಕೋಣದ್ದೊಂದು ದೊಡ್ಡ ಚೀಟಿ ಬಂತು, ಅದೂ ಶಿವರಾಜ. ಅತ್ತೆಯ ತಮ್ಮನ ಪೂಜೆಗೆ ಇಷ್ಟು ಜನ ಮೀನುಣ್ಣುವವರೇ ಎಂದು ಒಂದು ಕ್ಷಣ ಅನ್ನಿಸಿತು. ಒಂದೊಂದು ಮನೆಯಲ್ಲಿ ಒಂದೊಂದು ಪದ್ಧತಿ ಎಂದು ಸಮಾಧಾನ ಮಾಡಿಕೊಂಡೆ. ನಮ್ಮ ಕಡೆ ಮೀನಿಲ್ಲದೆ ತೀರದ ದೇವರ ಕಾರ್ಯಗಳೂ ಇವೆಯಲ್ಲ.

ಡಬ್ಬಿ ತುಂಬಲು ಬರುವ ಹೆಂಗಸು ಖತ್ಖತೆಯ ಪಾತ್ರೆಯ ಮುಚ್ಚಳ ಎತ್ತಿ ನೋಡಿ, "ಅಕ್ಕಾ, ಇದ್ ಯಾರೂ ಕೇಳ್ಳಿಲ್ವಾ ಇವತ್ತು?" ಅಂದಳು.

"ಚೀಟಿಲಿ ಇಲ್ವಲ್ಲೇ. ಚೀಟಿಲಿ ಎಂತ ಇದ್ಯೋ ಅದ್ನೇ ಹಾಕು."

"ಸೋಮಾರ ಅಲ್ದಾ ಇವತ್ತು?"

"ಸೋಮಾರ ಆದ್ರೆ ಎಂತಾ? ಯಂತ್ರಕ್ಕೆ ಸೋಮಾರ ಇರ್ತದ್ಯಾ?"

ಬಂಗಡೆ ಸಾಕಾಗಲಿಲ್ಲ. ಗಂಡನನ್ನು ಪೇಟೆಗೆ ಓಡಿಸಿದೆ. ಈತ ಚಪ್ಪಲಿ ಮೆಟ್ಟುತ್ತ, "ಸೋಮವಾರ ಎಂಥಾ ಇಷ್ಟು ಮೀನು ಮಾರಾಯ್ತಿ?" ಎಂದರು. ಶಿವರಾಜನಿಗೆ ಎಂದೆ. ಹಳೇ ಗಿರಾಕಿ ಎಂದು ಹೇಳಿದವರು ತಾವೇ ಆದ್ದರಿಂದ ಮರುಮಾತಾಡದೆ ಹೋಗಿ ತಂದರು. ಸೋಮವಾರ ಕೊಳ್ಳುವವರು ಕಡಿಮೆ, ಒಳ್ಳೆಯ ದಪ್ಪ ಬಂಗಡೆ ಸಿಕ್ಕಿದ್ದವು. ನಾನೇ ಸಾರು ಮಾಡಿದೆ. ಅಂಕೋಲೆಯ ಕೈ, ಸುಮ್ಮನೆಯೇ? ಅಂಥ ಬಂಗಡೆ ಸಾರು ನಾನು ಅದಕ್ಕೆ ಮೊದಲೂ ಮಾಡಿಲ್ಲ, ಆಮೇಲೂ ಮಾಡಿಲ್ಲ.

ಡಬ್ಬಿಗಳೆಲ್ಲ ಹೋದವು. ಹಣಕೋಣದ ಪಾತ್ರೆಗಳು ಆಟೋದಲ್ಲಿ ಹೋದವು. ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡು ಕೂತು, ಗೆರೆಯ ಪಂಗಡದವರಿಗೆ ಇದನ್ನು ಹೇಗೆ ಬಣ್ಣಿಸಿ ಹೇಳಲಿ ಎಂದು ಯೋಚಿಸುತ್ತಿದ್ದೆ. ಫೋನು ಬಂತು. ಬಿಣಗಾದ ಒಬ್ಬ ಅಜ್ಜಿ.

"ಶಿವರಾಕ್ ಸಾಂಗಿಲ್ಲೆಂ, ಬಾಂಗ್ಡೆ ಕಶೆ ಆಯ್ಲೆ?"

ಬಂಗಡೆ ಗೊತ್ತು. ಮೀನು ಕೊಳ್ಳುವ ಕೊಂಕಣಿ ಬರುತ್ತದಲ್ಲ. ಹೇಳಿದ್ದು ಶಿವರಾಕ್, ಬಂಗಡೆ ಹೇಗೆ ಬಂತು? ಆ ಒಂದು ವಾಕ್ಯ ನನ್ನ ಸ್ಕ್ರಿಪ್ಟಿನ ಸಾಲುಗಳನ್ನೆಲ್ಲ ಒಮ್ಮೆಗೇ ತಿದ್ದಿತು. ನಾನು ತುಂಬಿದ ಪಾತ್ರೆಯ ಕಡೆ ನೋಡಿದೆ. ಒಂದು ಸೌಟೂ ತೆಗೆಯದ ಖತ್ಖತೆ, ನಡುವೆ ಒಂದು ನುಗ್ಗೆಕಾಯಿಯ ತುಂಡು ತೇಲುತ್ತಿತ್ತು.

"ಶಿವರಾಜ ಅಲ್ಲಾ!" ಎಂದು ಕೂಗಿದೆ.

"ಯಾರು?" ಎಂದರು ಗಂಡ.

"ಯಾರೂ ಅಲ್ಲಾ!"

ಹಣಕೋಣಕ್ಕೆ ಹೋದ ಆಟೋದವನಿಗೆ ಫೋನು ಮಾಡಿದರೆ ಎತ್ತುತ್ತಿಲ್ಲ. ಇನ್ನೊಂದು ಆಟೋ ಹಿಡಿದು ಖತ್ಖತೆಯ ಪಾತ್ರೆಯನ್ನು ನಮ್ಮಿಬ್ಬರ ತೊಡೆಯ ಮೇಲೆ ಇಟ್ಟುಕೊಂಡು ಹೊರಟೆವು. ಕಾಳಿ ಸೇತುವೆಯ ಮೇಲೆ ಗಾಳಿಗೆ ಮುಚ್ಚಳ ಹಾರುತ್ತದೆಂದು ಈತ ಅದರ ಮೇಲೆ ಎದೆ ಇಟ್ಟು ಮಲಗಿದರು. ನಾನು ಗೊತ್ತಿದ್ದ ದೇವರನ್ನೆಲ್ಲ ಕರೆದೆ. ಮೊದಲ ಆಟೋದ ಟೈರು ಪಂಕ್ಚರ್ ಆಗಲಿ ಎಂದು ಒಬ್ಬ ಬಡ ಡ್ರೈವರನಿಗೆ ಕೇಡು ಬಯಸಿದ್ದು ಆ ದೇವರಿಗೆ ಇಷ್ಟವಾಗಲಿಲ್ಲವೆಂದು ಕಾಣುತ್ತದೆ.

ನಾವು ಮುಟ್ಟುವಾಗ ಮಂಗಳಾರತಿ ಮುಗಿದು ಎಲೆ ಹಾಕಿತ್ತು. ಅಂಗಳದ ತನಕ ಘಮಘಮ. ಅತ್ತೆ ಪಾತ್ರೆಯ ಮುಂದೆ ಮುಚ್ಚಳ ಹಿಡಿದು ನಿಂತಿದ್ದರು. ಭಟ್ಟರು ಪಂಚೆ ಮೂಗಿಗೆ ಹಿಡಿದು ತುಳಸಿಕಟ್ಟೆಯ ಆಚೆ ಸೇರಿದ್ದರು. ಅತ್ತೆಯ ತಮ್ಮ ಮಾತ್ರ, "ಅಕ್ಕಾ, ಈ ದೇವರಿಗೆ ಬಂಗಡೆ ಆಗ್ತದ್ಯಾ ಅಂತ ಭಟ್ರ ಹತ್ರ ಕೇಳ್ವನಾ?" ಎಂಬರ್ಥದ್ದೇನೋ ಕೊಂಕಣಿಯಲ್ಲಿ ಅಂದರು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಅತ್ತೆ ನಗಲಿಲ್ಲ. ಇಷ್ಟು ವರ್ಷ ಬೇರೆ ಬೇರೆ ಇಟ್ಟುಕೊಂಡು ಬಂದ ಎರಡು ಒಲೆಯನ್ನು ತವರಿನವರ ಕಣ್ಣೆದುರೇ ನಾನು ಒಂದು ಮಾಡಿದ್ದೆ.

ಖತ್ಖತೆಯ ಪಾತ್ರೆ ಇಳಿಸಿದೆವು. ಅತ್ತೆ ಅಂಗಳಕ್ಕೆ ಬಂದರು. ಬಂದು ಶುರು ಮಾಡಿದರು, ನೇರವಾಗಿ ನನ್ನ ಮುಖಕ್ಕೇ, ಪೂರಾ ಕೊಂಕಣಿಯಲ್ಲಿ. ಕೈ ಆಡಿತು, ಹುಬ್ಬು ಹಾರಿತು. "ಪಿಶೆಂ ಗೋ ತೂಂ!" ಎಂದರು. ಹುಚ್ಚಿ ನೀನು. ಯಂತ್ರಕ್ಕೆ ಕಣ್ಣಿಲ್ಲ, ನಿನಗೂ ಇಲ್ಲವೇ? ಸೋಮವಾರ ಯಾರ ಮನೆಯಲ್ಲಿ ಬಂಗಡೆ ಉಣ್ಣುತ್ತಾರೆ? ಮಾಡಲಿ, ಆದರೆ ಎರಡನೇ ಒಲೆಯ ಗಿರಾಕಿಯನ್ನು ದೇವರ ಹಾಗೆ ನೋಡಬೇಕು, ಅವರದನ್ನು ಯಂತ್ರಕ್ಕೆ ಬಿಡದೆ ನನಗೆ ಕೇಳಬೇಕು ಎಂದು ಆ ದಿನವೇ ಇವನ ಕೈಯಲ್ಲಿ ಹೇಳಿ ಕಳಿಸಿದ್ದೆನಲ್ಲ!

ನನ್ನ ಗಂಡ ಅಭ್ಯಾಸಬಲದಿಂದ ನನ್ನ ಕಡೆ ತಿರುಗಿ, "ಅವಳು ಹೇಳೂದು ಎಂತಾ ಅಂದ್ರೆ..." ಎಂದು ತೊಡಗಿದರು.

"ನನಗೆ ತಿಳೀತು," ಎಂದೆ. "ನಿಮಗೆ ಅವತ್ತು ಏನು ಹೇಳಿದ್ರು ಅನ್ನೂದೂ ಈಗ ತಿಳೀತು."

ಅತ್ತೆ ಆಗ ಬಾಣ ಮಗನ ಕಡೆ ತಿರುಗಿಸಿದರು. ಅದರ ವಿವರ ಬೇಡ. ಅದೂ ಒಂದಕ್ಷರ ಬಿಡದೆ ನನಗೆ ತಿಳಿಯಿತು, ಕೆಲವನ್ನು ಮನಸ್ಸಿನಲ್ಲೇ ಕಲಿತೂ ಇಟ್ಟುಕೊಂಡೆ. ಹೆದರಿಕೆ, ನಾಚಿಕೆ ಎಲ್ಲ ಇತ್ತು. ಅದರ ನಡುವೆಯೇ, ನನಗೂ ಬೈದರಲ್ಲ, ಏಕವಚನದಲ್ಲಿ ಬೈದರಲ್ಲ ಎಂದು ಹೊಟ್ಟೆಯೊಳಗೆ ಎಲ್ಲೋ ಒಂದು ಸುಖವೂ ಇತ್ತು. ಹೇಳಿದರೆ ಯಾರೂ ನಂಬಲಿಕ್ಕಿಲ್ಲ.

ಮರುದಿನ ಅತ್ತೆ ನನ್ನನ್ನು ಕರೆದುಕೊಂಡು, ಹಿಂದಿನ ದಿನ ಬಂಗಡೆ ಕಳಿಸಿದ ಮನೆಮನೆಗೂ ಹೊರಟರು. ಎರಡನೇ ಒಲೆಯ ಊಟದ ಡಬ್ಬಿ ಜೊತೆಗೆ. ಮಾತಾಡಬೇಕಾದವಳು ನಾನು, ಅದೂ ಕೊಂಕಣಿಯಲ್ಲಿ. ಆಟೋದಲ್ಲಿ ಕೂತು 'ಚೂಕ ಮಜಿ, ಆಯಿಚಿ ನ್ಹಯ್' ಎಂದು ಜಪ ಮಾಡಿದೆ. ತಪ್ಪು ನನ್ನದು, ಅತ್ತೆಯದಲ್ಲ. ಬಿಣಗಾದ ಅಜ್ಜಿಯ ಬಾಗಿಲಲ್ಲಿ ಅದನ್ನು ಹೇಗೋ ಒಪ್ಪಿಸಿದೆ. ಅಜ್ಜಿಯ ಮುಖ ಸಡಿಲವಾಗಲಿಲ್ಲ. ಡಬ್ಬಿ ಮುಂದೆ ಹಿಡಿದು, ಶಿವರಾಕ್ ತಂದಿದ್ದೇನೆ ಎನ್ನಲು ಹೊರಟೆ. ತಂದಿದ್ದೇನೆ ಎಂಬ ಪದ ಹೊಳೆಯಲಿಲ್ಲ.

"ಹಾಂವ ಶಿವರಾಕ್," ಎಂದೆ. ನಾನು ಮೀನು ಮುಟ್ಟದವಳು ಎಂದು ಅರ್ಥ.

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಖಂಯಚೆಂ ಗೋ ತೂಂ?" ಯಾವ ಊರವಳು ಎಂದರು. ಅಂಕೋಲೆ ಎಂದೆ. ಅಜ್ಜಿ ಬಾಗಿಲ ಚೌಕಟ್ಟು ಹಿಡಿದುಕೊಂಡು ನಗತೊಡಗಿದರು. "ಅಂಕೋಲೆಯವಳಂತೆ, ಶಿವರಾಕಂತೆ! ನಿನ್ನೆಯ ಸಾರಿನ ಘಮವೇ ಹೇಳ್ತಿತ್ತಲ್ಲೇ ನೀ ಎಂಥಾ ಶಿವರಾಕ್ ಅಂತ!" ಎಂದು ಕನ್ನಡದಲ್ಲೇ ಅಂದು ಡಬ್ಬಿ ಇಸಿದುಕೊಂಡರು. ಎಲ್ಲ ಮನೆಯೂ ಅಷ್ಟು ಸುಲಭವಾಗಲಿಲ್ಲ. ಒಂದು ಮನೆಯವರು ಬಾಗಿಲು ತೆರೆಯಲಿಲ್ಲ. ಇನ್ನೊಂದು ಮನೆಯವರು ಡಬ್ಬಿ ತೆಗೆದುಕೊಂಡರು, ಆದರೆ ಆಮೇಲೆ ಯಾವ ಸೋಮವಾರವೂ ಕೇಳಲಿಲ್ಲ. ಅತ್ತೆ ಅವರ ಬೀದಿ ದಾಟುವಾಗ ಇವತ್ತಿಗೂ ಆ ಮನೆಯ ಕಡೆ ನೋಡುತ್ತಾರೆ.

ಸ್ಕ್ರಿಪ್ಟನ್ನು ಕಿತ್ತು ಹಾಕಿದೆ. ಸ ಅಂದರೆ ಆರು ಎಂಬಂಥ ನಾಲ್ಕು ಸಾಲು ಮಾತ್ರ ಉಳಿಸಿಕೊಂಡು ಉಳಿದದ್ದನ್ನೆಲ್ಲ ಗೆರೆಗೆ ತಂದೆ. ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎಡಗಡೆಯ ಒಂದೊಂದು ಪದವನ್ನೂ ಓದಿ, ಇದು ಎಲ್ಲಿಗೆ ಎಂದು ಕೇಳಿದೆ. ಅವರು ಒದ್ದೆ ಬೆರಳಿನಿಂದ ಪರದೆಯನ್ನೇ ಮುಟ್ಟಿ ತೋರಿಸುತ್ತಿದ್ದರು, ನಾನು ಗೆರೆ ಎಳೆಯುತ್ತಿದ್ದೆ. ಒಂದು ಗೆರೆ ಅಡ್ಡಾದಿಡ್ಡಿಯಾಗಿ ಹೋದರೆ, "ವಾಂಕ್ಡೆಂ" ಎನ್ನುವರು. ಸೊಟ್ಟಗಾಯಿತು ಎಂದು. ಗೆರೆ ಸೊಟ್ಟಗಿದ್ದರೂ ಕೆಲಸ ಸರಿಯಾಗಿಯೇ ಆಗುತ್ತದೆ ಎಂದು ನಾನು, ಸೊಟ್ಟಗಿರುವುದು ತಮಗೆ ಬೇಡ ಎಂದು ಅವರು. ಎಳೆದು ನೇರ ಮಾಡಿದೆ. ಊಟ ಯಾವುದೆಂದು ಗೊತ್ತಾಗದ ಸಂದೇಶಕ್ಕೆ ಮೀನು ಎಂದು ಬರೆಯುವ ನಿಯಮವನ್ನು ತೆಗೆಸಿದರು. ಗೊತ್ತಾಗದಿದ್ದರೆ ಕೇಳು ಎಂದರು. ತಂಡದ ಹಿರಿಯರಿಗೆ ಇದನ್ನು ನಾನು ಹೇಳಿಲ್ಲ. ಅಷ್ಟು ಸಂತೋಷ ಅವರಿಗೆ ಒಳ್ಳೆಯದಲ್ಲ.

ಮುಂದಿನ ಸೋಮವಾರಗಳಲ್ಲಿ ಅತ್ತೆ ಎಲ್ಲಿಗೂ ಕದಲಲಿಲ್ಲ. ಪ್ರತಿ ಚೀಟಿಯನ್ನೂ ತಾವೇ ಓದಿ, ಪ್ರತಿ ಡಬ್ಬಿಯ ಮುಚ್ಚಳವನ್ನೂ ತಾವೇ ಹಾಕುತ್ತಿದ್ದರು. ಹಣಕೋಣದಿಂದ ಯಾವುದಕ್ಕೆ ಕರೆ ಬಂದರೂ ಕೆಲಸವಿದೆ ಎಂದುಬಿಡುತ್ತಿದ್ದರು. ಕೊಂಕಣಿಯಲ್ಲಿ ಬೈಯುವುದು ಮಾತ್ರ ಮುಂದುವರಿಯಿತು, ತರಕಾರಿ ದಪ್ಪ ಹೆಚ್ಚಿದ್ದಕ್ಕೆ, ಕಾಯಿ ನುಣ್ಣಗೆ ಅರೆಯದಿದ್ದಕ್ಕೆ. ಅಡುಗೆಮನೆ ಬಿಟ್ಟು ಹೋಗುವ ಮಾತಂತೂ ಇರಲಿಲ್ಲ.

ಮಾಘದ ಒಂದು ಸೋಮವಾರ ಎದ್ದು ಬಂದಾಗ ಅತ್ತೆ ತಲೆ ಬಾಚಿ ಸೀರೆ ಉಟ್ಟು ತಯಾರಾಗಿದ್ದರು. ತಮ್ಮನಿಗೆ ಮೈ ಸರಿಯಿಲ್ಲವಂತೆ, ನೋಡಿ ಬರುತ್ತೇನೆ ಎಂದು ನನಗೇ ಕೊಂಕಣಿಯಲ್ಲಿ ಹೇಳಿದರು. ಎರಡನೇ ಒಲೆಯ ಮೇಲೆ ಏನೂ ಇರಲಿಲ್ಲ. ತರಕಾರಿ ಬುಟ್ಟಿ ಮಾತ್ರ ಪಕ್ಕದಲ್ಲಿತ್ತು, ಹೆಚ್ಚದೆ. ಏನು ಮಾಡಬೇಕೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಗೇಟಿನ ತನಕ ಹೋದ ಅವರನ್ನು ಆಟೋದವನು ಕೇಳುವುದು ಕಿಟಕಿಯಿಂದ ಕೇಳಿಸಿತು. ಇವತ್ತು ಸೋಮವಾರ, ಶಿವರಾಕಿನ ಅಡುಗೆಗೆ ಯಾರಿದ್ದಾರೆ ಎಂದು.

"ಸೂನ್ ಆಸಾ ರೇ," ಎಂದರು ಅತ್ತೆ. ಸೊಸೆ ಇದ್ದಾಳೆ.

ಆಟೋ ತಿರುವು ದಾಟುವ ತನಕ ನಿಂತಿದ್ದೆ. ಆಮೇಲೆ ಕೈ ತೊಳೆದುಕೊಂಡು ಒಳಗೆ ಹೋಗಿ ಒಲೆ ಹೊತ್ತಿಸಿದೆ.